ಹೃದಯದ ಆಪರೇಷನ್ ಆದ ಮಗುವಿನ ಎದೆಬಡಿತ: ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

ಪ್ರಶ್ನೆ: ಡಾಕ್ಟ್ರೇ, ನಮ್ಮದು ದಾವಣಗೆರೆ ಹತ್ತಿರದ ಹಳ್ಳಿ. ಮಗನಿಗೆ ಈಗ ನಾಲ್ಕು ವರ್ಷ. ಹುಟ್ಟಿದಾಗಿನಿಂದ ಹೃದಯದಲ್ಲಿ ತೂತು ಇತ್ತು, ಅಳುವಾಗ ನೀಲಿಯಾಗುತ್ತಿದ್ದ. ಟೆಟ್ರಾಲಜಿ ಆಫ್ ಫ್ಯಾಲೋ, ಅಂದರೆ ತೂತಿನ ಜೊತೆ ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿಯೂ ಕಿರಿದಾಗಿದೆ ಎಂದರು. ಹನ್ನೊಂದು ತಿಂಗಳಿದ್ದಾಗ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಎರಡನೇ ದಿನ ಐಸಿಯುನಲ್ಲಿ ಎದೆಬಡಿತ 210ಕ್ಕೆ ಏರಿತು. ಮೈಗೆಲ್ಲ ಐಸ್ ಪ್ಯಾಕ್ ಇಟ್ಟರು. ಎದೆಯಿಂದ ಹೊರಬಂದ ಸಣ್ಣ ತಂತಿಗಳನ್ನು ಒಂದು ಪೆಟ್ಟಿಗೆಗೆ ಜೋಡಿಸಿದ್ದರು. ನಾಲ್ಕು ದಿನಕ್ಕೆ ಸರಿಹೋಯಿತು, ತಂತಿ ತೆಗೆದು ಮನೆಗೆ ಕಳಿಸಿದರು. ಪಕ್ಕದ ಬೆಡ್ಡಿನ ಮಗುವಿಗೆ ಮಾತ್ರ ಪೇಸ್‌ಮೇಕರ್ ಹಾಕಿದರು. ನಮ್ಮವನಿಗೆ ಯಾಕೆ ಹಾಕಲಿಲ್ಲ? ಕಳೆದ ತಿಂಗಳು ಹೋಲ್ಟರ್ (ಇಡೀ ದಿನದ ಎದೆಬಡಿತ ದಾಖಲಿಸುವ ಪರೀಕ್ಷೆ) ಮಾಡಿಸಿದೆವು. ಆರ್‌ಬಿಬಿಬಿ ಇದೆ, ಅಲ್ಲೊಂದು ಇಲ್ಲೊಂದು ಎಕ್ಟೋಪಿಕ್ ಬಡಿತ ಇದೆ ಎಂದು ರಿಪೋರ್ಟಿನಲ್ಲಿದೆ. ಬೆಂಗಳೂರಿನ ಡಾಕ್ಟರು ಔಷಧಿ ಬೇಡ, ವರ್ಷ ಬಿಟ್ಟು ಬನ್ನಿ ಎಂದರು. ಇಲ್ಲಿ ಇನ್ನೊಬ್ಬರು ಸೇಫ್ಟಿಗೆ ಬಡಿತ ನಿಧಾನ ಮಾಡುವ ಪ್ರೊಪ್ರನಲಾಲ್ ಮಾತ್ರೆ ಕೊಡೋಣ ಎನ್ನುತ್ತಾರೆ. ರಾತ್ರಿ ಎದ್ದು ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡುತ್ತೇನೆ. ಬಡಿತ 68 ಕಂಡರೆ ಮತ್ತೆ ನಿದ್ದೆ ಬರುವುದಿಲ್ಲ. ನಮ್ಮ ಅತ್ತೆ ಅವನನ್ನು ಅಳಿಸಬಾರದು, ಓಡಲು ಬಿಡಬಾರದು ಎನ್ನುತ್ತಾರೆ. ಆಪರೇಷನ್‌ನಲ್ಲೇ ಏನಾದರೂ ಎಡವಟ್ಟಾಯಿತಾ? ಜೂನ್‌ನಲ್ಲಿ ಶಾಲೆಗೆ ಸೇರಿಸಬೇಕು.

ಉತ್ತರ: ನಿಮ್ಮ ಮಗುವನ್ನು ನಾನು ನೋಡಿಲ್ಲ. ನೀವು ಬರೆದಷ್ಟರ ಮೇಲೆ ಹೇಳುತ್ತಿದ್ದೇನೆ. ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ವಿಷಯ ಸೇರಿಕೊಂಡಿವೆ. ಒಂದು, ಮೂರು ವರ್ಷದ ಹಿಂದೆ ಐಸಿಯುನಲ್ಲಿ ಆಗಿದ್ದು. ಇನ್ನೊಂದು, ಮುಂದೆ ಯಾವತ್ತಾದರೂ ಆಗಬಹುದಾದದ್ದು. ಎರಡನ್ನೂ ಬಡಿತದ ತೊಂದರೆ ಅಂತಲೇ ಕರೀತೀವಿ. ಆದರೆ ಕಾರಣ ಬೇರೆ, ಬರುವ ಕಾಲ ಬೇರೆ, ಚಿಕಿತ್ಸೆಯೂ ಬೇರೆ. ನಿಮ್ಮ ನಿದ್ದೆ ಕೆಡಿಸುತ್ತಿರುವುದು ಮೊದಲನೆಯದು. ಅದು ಮುಗಿದುಹೋಗಿದೆ. ನಿಗಾ ಬೇಕಿರುವುದು ಎರಡನೆಯದಕ್ಕೆ. ಅದಕ್ಕೆ ರಾತ್ರಿ ಎದ್ದು ನೋಡುವುದು ಬೇಡ, ವರ್ಷವರ್ಷವೂ ತಪ್ಪದೆ ತೋರಿಸುವುದು ಬೇಕು.

ಮೊದಲು ಐಸಿಯುನಲ್ಲಿ ಏನಾಯಿತು ಅಂತ ನೋಡೋಣ. ಹೃದಯ ಬಡಿಯಲು ಅದರೊಳಗೇ ಸಣ್ಣ ಕರೆಂಟ್ ಹುಟ್ಟುತ್ತದೆ. ಮೇಲಿನ ಕೋಣೆಯಲ್ಲಿ ಹುಟ್ಟಿ, ನಡುವೆ ಇರುವ ಒಂದೇ ಒಂದು ತೆಳ್ಳನೆ ದಾರಿಯಿಂದ ಕೆಳಗಿನ ಕೋಣೆಗಳಿಗೆ ಇಳಿಯುತ್ತದೆ. ಟೆಟ್ರಾಲಜಿ ಇರುವ ಮಕ್ಕಳಲ್ಲಿ ಈ ದಾರಿ ಹೆಚ್ಚಾಗಿ ತೂತಿನ ಅಂಚಿನಲ್ಲೇ ಹಾದುಹೋಗುತ್ತದೆ. ತೂತಿಗೆ ಪ್ಯಾಚ್ ಹಾಕಿ ಹೊಲಿಗೆ ಕೂರಿಸಬೇಕಾದ್ದು ಅದೇ ಅಂಚಿನ ಹತ್ತಿರ. ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿಯಲ್ಲಿ ಅಡ್ಡ ಬೆಳೆದ ಮಾಂಸವನ್ನೂ ಕತ್ತರಿಸಬೇಕು. ಅದಕ್ಕಾಗಿ ಸುತ್ತಲಿನ ಭಾಗವನ್ನು ಎಳೆದು ಹಿಡಿಯಬೇಕಾಗುತ್ತದೆ. ಹನ್ನೊಂದು ತಿಂಗಳ ಮಗುವಿನ ಹೃದಯ ಹೆಚ್ಚುಕಮ್ಮಿ ಅದರ ಮುಷ್ಟಿಯಷ್ಟೇ ಇರುತ್ತದೆ. ಎಷ್ಟೇ ಪಳಗಿದ ಕೈಯಾದರೂ ಆ ಜಾಗ ಸ್ವಲ್ಪ ಊದಿಕೊಳ್ಳುತ್ತದೆ.

ಊದಿಕೊಂಡ ಆ ಜಾಗ ಎರಡರಲ್ಲಿ ಒಂದು ರೀತಿ ಕಾಟ ಕೊಡಬಹುದು. ಕೆರಳಿ ತಾನೇ ಜೋರಾಗಿ ಕರೆಂಟ್ ಬಿಡಲು ಶುರುಮಾಡಬಹುದು. ಆಗ ಬಡಿತ 200 ದಾಟಲೂಬಹುದು. ಇದಕ್ಕೆ ನಾವು ಜೆಟ್ ಅಂತೀವಿ, ಪೂರ್ತಿ ಹೆಸರು ಜಂಕ್ಷನಲ್ ಎಕ್ಟೋಪಿಕ್ ಟ್ಯಾಕಿಕಾರ್ಡಿಯಾ. ಇಲ್ಲವೇ ಮಂಕಾಗಿ, ಮೇಲಿಂದ ಬಂದ ಕರೆಂಟನ್ನು ಕೆಳಗೆ ಬಿಡದೇ ಇರಬಹುದು. ಆಗ ಬಡಿತ ನಿಧಾನವಾಗುತ್ತದೆ. ಅದು ಹಾರ್ಟ್ ಬ್ಲಾಕ್. ನೀವು ಬರೆದದ್ದನ್ನು ನೋಡಿದರೆ ನಿಮ್ಮ ಮಗನಿಗೆ ಆಗಿದ್ದು ಮೊದಲನೆಯದು. ಪಕ್ಕದ ಬೆಡ್ಡಿನ ಮಗುವಿಗೆ ಬಹುಶಃ ಎರಡನೆಯದು. ಅದಕ್ಕೇ ಆ ಮಗುವಿಗೆ ಪೇಸ್‌ಮೇಕರ್ ಬೇಕಾಯಿತು, ನಿಮ್ಮವನಿಗೆ ಬೇಕಾಗಲಿಲ್ಲ.

ಜೆಟ್ ಹೆಚ್ಚಾಗಿ ಆಪರೇಷನ್ ಆದ ಮೊದಲ ಎರಡು ಮೂರು ದಿನದಲ್ಲೇ ಬರುತ್ತದೆ. ಮಗು ಚಿಕ್ಕದಿದ್ದಷ್ಟೂ, ಆಪರೇಷನ್ ಹೊತ್ತಿನಲ್ಲಿ ಹೃದಯ, ಶ್ವಾಸಕೋಶದ ಕೆಲಸ ಮಾಡುವ ಹಾರ್ಟ್-ಲಂಗ್ ಮಷೀನಿನ ಮೇಲೆ ಜಾಸ್ತಿ ಹೊತ್ತು ಇದ್ದಷ್ಟೂ ಬರುವ ಸಂಭವ ಜಾಸ್ತಿ. ಬರೀ ವೇಗ ಒಂದೇ ಆಗಿದ್ದರೆ ಇಷ್ಟು ಗಾಬರಿ ಇರುತ್ತಿರಲಿಲ್ಲ. ಮೇಲಿನ ಕೋಣೆ, ಕೆಳಗಿನ ಕೋಣೆ ತಾಳ ತಪ್ಪಿ ಬಡಿಯುತ್ತವೆ. ಹೃದಯಕ್ಕೆ ರಕ್ತ ತುಂಬಿಕೊಳ್ಳಲು ಸಮಯವೇ ಸಿಗುವುದಿಲ್ಲ. ಬಿಪಿ ಬೀಳುತ್ತದೆ. ಆಗ ತಾನೇ ಹೊಲಿಗೆ ಹಾಕಿಸಿಕೊಂಡ ಹೃದಯಕ್ಕೆ ಇದು ತಡೆಯುವುದು ಕಷ್ಟ.

ಆ ರಾತ್ರಿ ಗಾಜಿನಾಚೆ ನಿಂತು ನೋಡುವ ಅಪ್ಪ ಅಮ್ಮಂದಿರಿಗೆ ಒಳಗೆ ನಡೆಯುವುದು ಅರ್ಥವಾಗುವುದಿಲ್ಲ. ಮಗುವಿನ ಮೈಮೇಲೆ ಐಸ್ ಪ್ಯಾಕ್, ಬೆರಳು ತಣ್ಣಗೆ, ಕಣ್ಣು ಮುಚ್ಚಿಕೊಂಡೇ ಇದೆ. ಇಷ್ಟು ಸೀರಿಯಸ್ ಆಗಿದ್ದರೂ ಯಾಕೆ ಶಾಕ್ ಕೊಡುತ್ತಿಲ್ಲ ಅಂತ ತಂದೆಯಂದಿರು ಕೇಳುತ್ತಾರೆ. ಜೆಟ್‌ಗೆ ಶಾಕ್ ಕೆಲಸ ಮಾಡುವುದಿಲ್ಲ. ಕೆರಳಿದ ಜಾಗ ಶಾಕ್ ಆದ ಮರುಕ್ಷಣ ಮತ್ತೆ ಶುರುಮಾಡುತ್ತದೆ. ಕೆಲಸ ಮಾಡುವುದು ಬೇರೆ ಉಪಾಯಗಳು. ಜ್ವರ ಏರಲು ಬಿಡುವುದಿಲ್ಲ, ಬೇಕಾದರೆ ಮೈಬಿಸಿಯನ್ನು 34-35 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸುತ್ತೇವೆ. ನೋವು ಕಾಣದ ಹಾಗೆ ಮಲಗಿಸಿಡುತ್ತೇವೆ. ಅಡ್ರಿನಲಿನ್, ಡೋಪಮಿನ್ ತರಹದ ಡ್ರಿಪ್ ಬಿಪಿಗೆ ಬೇಕು, ಆದರೆ ಅವೇ ಬಡಿತವನ್ನೂ ಕೆರಳಿಸುತ್ತವೆ. ಬಿಪಿಯ ಮೇಲೆ ಕಣ್ಣಿಟ್ಟು ಅವನ್ನು ಸ್ವಲ್ಪಸ್ವಲ್ಪವೇ ಇಳಿಸುತ್ತೇವೆ. ಪೊಟ್ಯಾಸಿಯಂ, ಮೆಗ್ನೀಸಿಯಂ ಸರಿಮಾಡುತ್ತೇವೆ. ಸಾಲದಿದ್ದರೆ ಬಡಿತವನ್ನು ಹತೋಟಿಗೆ ತರುವ ಅಮಿಯೊಡರೋನ್ ಇಂಜೆಕ್ಷನ್. ಆ ತಂತಿಗಳ ಮೂಲಕ ಮೇಲಿನ ಕೋಣೆಯನ್ನು ಜೆಟ್‌ಗಿಂತ ತುಸು ಬೇಗ ಬಡಿಸಿ ಎರಡೂ ಕೋಣೆಗಳನ್ನು ಮತ್ತೆ ಒಂದೇ ತಾಳಕ್ಕೆ ತರುವುದೂ ಉಂಟು. ಊತ ಇಳಿದ ಹಾಗೆ, ಸಾಮಾನ್ಯವಾಗಿ ಎರಡರಿಂದ ನಾಲ್ಕು ದಿನದಲ್ಲಿ, ಅದು ತಾನೇ ಅಡಗುತ್ತದೆ. ಹೀಗೆ ಅಡಗಿದ ಜೆಟ್ ವರ್ಷಗಳು ಕಳೆದ ಮೇಲೆ ಮತ್ತೆ ಎದ್ದು ಬರುವುದಿಲ್ಲ.

ಆ ತಂತಿಗಳ ಬಗ್ಗೆ ಒಂದು ಮಾತು. ಅವನ್ನು ಹಾಕಿದ್ದಾರೆ ಅಂದರೆ ಏನೋ ಕೆಟ್ಟಿದೆ ಅಂತ ಅರ್ಥವಲ್ಲ. ಇಂಥ ಆಪರೇಷನ್ ಆದ ಮಕ್ಕಳಿಗೆ ಎದೆ ಮುಚ್ಚುವ ಮೊದಲೇ ಮುನ್ನೆಚ್ಚರಿಕೆಗಾಗಿ ಹಾಕಿರುತ್ತೇವೆ. ಬಡಿತ ಸರಿಯಿದೆ ಅಂತ ಖಾತ್ರಿಯಾದ ಮೇಲೆ ಮೆಲ್ಲಗೆ ಎಳೆದು ತೆಗೆಯುತ್ತೇವೆ.

ಇನ್ನು ಹಾರ್ಟ್ ಬ್ಲಾಕ್. ಮಕ್ಕಳ ಹೃದಯದ ಆಪರೇಷನ್‌ಗಳನ್ನೆಲ್ಲ ಸೇರಿಸಿ ನೋಡಿದರೆ ಸುಮಾರು 100ಕ್ಕೆ ಒಂದರಿಂದ ಮೂರು ಮಕ್ಕಳಲ್ಲಿ ಇದು ಆಗುತ್ತದೆ. ಹೊರಗಿನ ಪೆಟ್ಟಿಗೆಯಿಂದ ಹೃದಯವನ್ನು ನಡೆಸುತ್ತಾ 7ರಿಂದ 10 ದಿನ ಕಾಯುತ್ತೇವೆ. ಸ್ವಂತ ಬಡಿತ ವಾಪಸ್ ಬರುವ ಮಕ್ಕಳಲ್ಲಿ ಹೆಚ್ಚಿನವರಿಗೆ ಅಷ್ಟರೊಳಗೇ ಬಂದಿರುತ್ತದೆ. ಬರದಿದ್ದರೆ ಒಳಗೇ ಕೂರುವ ಪೇಸ್‌ಮೇಕರ್ ಹಾಕಬೇಕು. ಇದರಲ್ಲಿ ಆಯ್ಕೆಯೇ ಇಲ್ಲ, ಹಾಗೇ ಬಿಟ್ಟರೆ ಜೀವಕ್ಕೆ ಅಪಾಯ. ಟೆಟ್ರಾಲಜಿಯ ಪೂರ್ತಿ ರಿಪೇರಿಯನ್ನು ಮೊದಲು ಮಾಡಿದ್ದು 1954ರಲ್ಲಿ, ಅಮೆರಿಕದ ಮಿನ್ನೆಸೋಟಾದಲ್ಲಿ, ವಾಲ್ಟನ್ ಲಿಲ್ಲೆಹೈ ಎಂಬ ಸರ್ಜನ್. ಆಪರೇಷನ್ ಚೆನ್ನಾಗಿ ಆಗಿ, ಆಮೇಲೆ ಹಾರ್ಟ್ ಬ್ಲಾಕ್‌ನಿಂದ ಮಕ್ಕಳು ತೀರಿಕೊಳ್ಳುತ್ತಿದ್ದರು. ಆಗಿನ ಪೇಸ್‌ಮೇಕರ್‌ಗಳು ಗೋಡೆಯ ಪ್ಲಗ್ಗಿನಿಂದ ನಡೆಯುತ್ತಿದ್ದವು. 1957ರ ಅಕ್ಟೋಬರ್ 31ರಂದು ಮಿನಿಯಾಪೊಲಿಸ್‌ನಲ್ಲಿ ಕರೆಂಟ್ ಹೋಯಿತು. ಅದಾದ ಕೆಲವೇ ವಾರಗಳಲ್ಲಿ ಅರ್ಲ್ ಬಾಕನ್ ಎಂಬ ಎಂಜಿನಿಯರ್ ಬ್ಯಾಟರಿಯಿಂದ ನಡೆಯುವ ಸಣ್ಣ ಪೇಸ್‌ಮೇಕರ್ ಮಾಡಿಕೊಟ್ಟರು. ನಿಮ್ಮ ಮಗನ ಮಂಚಕ್ಕೆ ತೂಗುಹಾಕಿದ್ದ ಪೆಟ್ಟಿಗೆ ಅದರ ವಂಶದ್ದೇ.

ಹಾಗಾದರೆ ಆಪರೇಷನ್‌ನಲ್ಲಿ ಎಡವಟ್ಟಾಯಿತಾ? ಜೆಟ್ ಬಂತು ಅನ್ನುವ ಒಂದೇ ಕಾರಣಕ್ಕೆ ಹಾಗೆ ಹೇಳಲು ಬರುವುದಿಲ್ಲ. ಒಳ್ಳೆಯ ಕೇಂದ್ರಗಳಲ್ಲಿ, ಒಳ್ಳೆಯ ಸರ್ಜನ್ನರ ಕೈಯಲ್ಲೂ ಇದು ಬರುತ್ತದೆ. ಅದು ಹತೋಟಿಗೆ ಬಂತು, ಮಗು ನೆಟ್ಟಗೆ ಮನೆಗೆ ಬಂತು. ಐಸಿಯುನವರು ಮಾಡಬೇಕಾದ್ದನ್ನು ಮಾಡಿದ್ದಾರೆ ಅಂತಲೇ ನನಗನ್ನಿಸುತ್ತದೆ.

ನಿಮ್ಮ ಅತ್ತೆಯವರ ಮಾತಿಗೆ ಬರೋಣ. ಅವರು ಹೇಳಿದ್ದು ಸುಮ್ನೆ ಹುಟ್ಟಿದ ಮಾತಲ್ಲ. ಆಪರೇಷನ್‌ಗೆ ಮುಂಚೆ ಅದು ನಿಜವಾಗಿತ್ತು. ಟೆಟ್ರಾಲಜಿ ಇರುವ ಮಗು ಜೋರಾಗಿ ಅತ್ತರೆ ಶ್ವಾಸಕೋಶಕ್ಕೆ ಹೋಗುವ ದಾರಿ ಇನ್ನಷ್ಟು ಬಿಗಿದು, ಮೈ ನೀಲಿಯಾಗಿ, ಪ್ರಜ್ಞೆಯೂ ತಪ್ಪಬಹುದಿತ್ತು. ಅವರು ಅದನ್ನು ಕಣ್ಣಾರೆ ಕಂಡಿದ್ದಾರೆ. ಈಗ ಆ ದಾರಿ ತೆರೆದಿದೆ, ತೂತು ಮುಚ್ಚಿದೆ. ಈಗ ಅತ್ತರೆ ಬಡಿತ ಏರುತ್ತದೆ, ಅಳು ನಿಂತರೆ ಇಳಿಯುತ್ತದೆ, ಎಲ್ಲ ಮಕ್ಕಳ ಹಾಗೆ. ಅವರಿಗೆ ಇದನ್ನೇ ಹೇಳಿ: ಅಮ್ಮಾ, ಆಗ ನೀವು ಹೇಳಿದ್ದು ಸರಿ, ಈಗ ಆ ಕಾರಣ ಇಲ್ಲ. ತಮ್ಮ ಮಾತು ತಪ್ಪು ಅಂತ ಯಾರೂ ಹೇಳಲಿಲ್ಲ ಅಂತಾದರೆ ಹಿರಿಯರು ಬೇಗ ಒಪ್ಪುತ್ತಾರೆ.

ಆಕ್ಸಿಮೀಟರ್ ದಯವಿಟ್ಟು ಎತ್ತಿಡಿ. ನಾಲ್ಕು ವರ್ಷದ ಮಗು ಗಾಢ ನಿದ್ದೆಯಲ್ಲಿದ್ದಾಗ ಬಡಿತ 70ರ ಆಸುಪಾಸಿಗೆ ಇಳಿಯುವುದು ಸಹಜ. ಅದೇ ಮಗು ಓಡಿ ಬಂದಾಗ 160-170 ಇರುತ್ತದೆ. ಜ್ವರ ಬಂದರೆ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 10 ಬಡಿತ ಜಾಸ್ತಿಯಾಗುತ್ತದೆ. ಉಸಿರು ಒಳಗೆಳೆದಾಗ ತುಸು ಬೇಗ, ಬಿಟ್ಟಾಗ ತುಸು ನಿಧಾನ ಬಡಿಯುವುದೂ ಮಕ್ಕಳಲ್ಲಿ ಇದ್ದದ್ದೇ. ಕೈಯಿಟ್ಟು ನೋಡಿದವರಿಗೆ ಅದು ತಾಳ ತಪ್ಪಿದ ಹಾಗೆ ಕಾಣುತ್ತದೆ. ಅದೂ ಅಲ್ಲದೆ, ದೊಡ್ಡವರ ಬೆರಳಿಗೆಂದು ಮಾಡಿದ ಆ ಕ್ಲಿಪ್ ಮಗುವಿನ ಬೆರಳಲ್ಲಿ ಸಡಿಲವಾಗಿ ಕೂರುತ್ತದೆ. ಮಗು ಅಲುಗಿದರೆ ಏನೋ ಒಂದು ಅಂಕಿ ತೋರಿಸುತ್ತದೆ. ಬಡಿತದ ಲಯ ಗೊತ್ತಾಗುವುದು ಇಸಿಜಿ ಪಟ್ಟಿಯಲ್ಲೇ ಹೊರತು ಅದರಲ್ಲಲ್ಲ.

ಆರ್‌ಬಿಬಿಬಿ ಎಂಬ ಅಕ್ಷರಗಳನ್ನು ನೋಡಿ ಹೆದರಬೇಡಿ. ಕೆಳಗೆ ಇಳಿದ ಕರೆಂಟ್ ದಾರಿ ಎರಡಾಗಿ ಕವಲೊಡೆಯುತ್ತದೆ. ಬಲಗಡೆಯ ಕವಲು ಕೆಲಸ ನಿಲ್ಲಿಸಿದೆ, ಆ ಭಾಗಕ್ಕೆ ಕರೆಂಟ್ ಸುತ್ತಿ ಬರುತ್ತಿದೆ ಎಂದಷ್ಟೇ ಅದರ ಅರ್ಥ. ಟೆಟ್ರಾಲಜಿ ಆಪರೇಷನ್ ಆದವರಲ್ಲಿ ಇದು ಇಲ್ಲದವರೇ ಅಪರೂಪ. ಹಾರ್ಟ್ ಬ್ಲಾಕ್ ಅನ್ನುವ ಹೆಸರಿನಲ್ಲಿ ಊರಲ್ಲಿ ಓಡಾಡುವ ರಕ್ತನಾಳದ ಬ್ಲಾಕ್‌ಗೂ ಇದಕ್ಕೂ ಸಂಬಂಧವೇ ಇಲ್ಲ.

ಈಗ ನಿಜಕ್ಕೂ ನಿಗಾ ಇಡಬೇಕಾದ ವಿಷಯ. ಆಪರೇಷನ್ ಆದ ಜಾಗದಲ್ಲಿ ಗಾಯದ ಕಲೆ ಉಳಿಯುತ್ತದೆ. ಕಲೆಯೊಳಗೆ ಕರೆಂಟ್ ಹರಿಯುವುದಿಲ್ಲ. ಹೊಳೆಯಲ್ಲಿ ಬಂಡೆಯ ಸುತ್ತ ನೀರು ಸುಳಿ ತಿರುಗುವ ಹಾಗೆ, ವರ್ಷಗಳು ಕಳೆದ ಮೇಲೆ ಆ ಕಲೆಯ ಸುತ್ತ ಕರೆಂಟ್ ಗಿರಗಿರನೆ ಸುತ್ತಲು ಶುರುವಾಗಬಹುದು. ಆಗ ಬಡಿತ ಇದ್ದಕ್ಕಿದ್ದ ಹಾಗೆ ಓಡುತ್ತದೆ. ಇದು ಸಾಮಾನ್ಯವಾಗಿ ಇಪ್ಪತ್ತು ಮೂವತ್ತರ ವಯಸ್ಸಿನಲ್ಲಿ, ಇಲ್ಲವೇ ಅದಕ್ಕೂ ಆಮೇಲೆ ಕಾಣಿಸಿಕೊಳ್ಳುವಂಥದ್ದು. ನಾಲ್ಕು ವರ್ಷದಲ್ಲಿ ಅಪರೂಪ.

ಇದಕ್ಕೆ ಗೊಬ್ಬರ ಹಾಕುವುದು ಪಲ್ಮನರಿ ವಾಲ್ವಿನ, ಅಂದರೆ ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿಯ ಬಾಗಿಲಿನ, ಸೋರಿಕೆ. ಕಿರಿದಾಗಿದ್ದ ದಾರಿಯನ್ನು ಅಗಲ ಮಾಡುವಾಗ ಎಷ್ಟೋ ಮಕ್ಕಳಲ್ಲಿ ಆ ವಾಲ್ವು ಪೂರ್ತಿ ಮುಚ್ಚದ ಹಾಗಾಗುತ್ತದೆ. ಪ್ರತಿ ಬಡಿತಕ್ಕೂ ಸ್ವಲ್ಪ ರಕ್ತ ವಾಪಸ್ ಬಲಗೋಣೆಗೆ, ಅಂದರೆ ಹೃದಯದ ಬಲಗಡೆಯ ಕೆಳಗಿನ ಕೋಣೆಗೆ, ಬೀಳುತ್ತದೆ. ಮಕ್ಕಳು ಇದನ್ನು ವರ್ಷಗಟ್ಟಲೆ ಗೊತ್ತೇ ಆಗದಂತೆ ತಾಳಿಕೊಳ್ಳುತ್ತಾರೆ. ಆದರೆ ಕೋಣೆ ಹಿಗ್ಗುತ್ತಾ ಹೋಗುತ್ತದೆ. ಕೋಣೆ ಹಿಗ್ಗಿದ ಹಾಗೆ ಇಸಿಜಿಯಲ್ಲಿ ಕ್ಯೂಆರ್‌ಎಸ್ ಎಂಬ ಗೆರೆ ಅಗಲವಾಗುತ್ತದೆ. ಅದು 180 ಮಿಲಿಸೆಕೆಂಡ್ ಮುಟ್ಟಿದವರಲ್ಲಿ ಅಪಾಯದ ಬಡಿತ ಬರುವ ಸಾಧ್ಯತೆ ಜಾಸ್ತಿ ಎಂದು 1990ರ ದಶಕದಿಂದಲೇ ಗೊತ್ತು. ನಾವು ಪ್ರತಿ ವರ್ಷ ಇಸಿಜಿ ಕೇಳುವುದು ಈ ಅಗಲ ಎಷ್ಟು ಬೇಗ ಬೆಳೆಯುತ್ತಿದೆ ಅಂತ ನೋಡಲಿಕ್ಕೆ. ಕೋಣೆ ತೀರಾ ಹಿಗ್ಗುವ ಮೊದಲೇ ಹೊಸ ವಾಲ್ವು ಹಾಕುವ ಸಮಯ ಯಾವುದು ಅಂತ ಎಕೋ (ಹೃದಯದ ಸ್ಕ್ಯಾನ್) ಮತ್ತು ಎಂಆರ್‌ಐ ಹೇಳುತ್ತವೆ. ಮಗು ಅಲುಗಾಡದೆ ಮಲಗುವಷ್ಟು ದೊಡ್ಡದಾದ ಮೇಲೆ, ಸುಮಾರು ಹತ್ತು ವರ್ಷದ ಹೊತ್ತಿಗೆ, ಎಂಆರ್‌ಐ ಸುಲಭ.

ನನಗೆ ತುಂಬಾ ಬೇಸರ ತರುವ ಸಂಗತಿ ಇಲ್ಲಿದೆ. ಹತ್ತು ವರ್ಷದವರೆಗೆ ತಪ್ಪದೆ ಬರುವ ಮಕ್ಕಳು ಆಮೇಲೆ ಮಾಯವಾಗುತ್ತಾರೆ. ಚೆನ್ನಾಗಿದ್ದಾನಲ್ವಾ, ಸುಮ್ನೆ ಯಾಕೆ ಬೆಂಗಳೂರಿಗೆ ಹೋಗೋದು ಅಂತ ಮನೆಯವರು ಅಂದುಕೊಳ್ಳುತ್ತಾರೆ. ಓದು, ಕೆಲಸ, ಮದುವೆ ಅಂತ ವರ್ಷಗಳು ಉರುಳುತ್ತವೆ. ಮತ್ತೆ ನಮ್ಮ ಮುಂದೆ ಬರುವುದು ಮೂವತ್ತರಲ್ಲಿ, ಬಲಗೋಣೆ ಪೂರ್ತಿ ಹಿಗ್ಗಿ, ಎಲ್ಲೋ ತಲೆಸುತ್ತಿ ಬಿದ್ದ ಮೇಲೆ. ನೀವು ರಾತ್ರಿಯೆಲ್ಲ ಪಡುತ್ತಿರುವ ಕಾಳಜಿಯಲ್ಲಿ ಸ್ವಲ್ಪವನ್ನು ಆ ದಿನಗಳಿಗೆ ಉಳಿಸಿಕೊಳ್ಳಿ.

ಈಗ ಮಾತ್ರೆಯ ಪ್ರಶ್ನೆ. ಅಲ್ಲೊಂದು ಇಲ್ಲೊಂದು ಎಕ್ಟೋಪಿಕ್ ಅಂದರೆ ಸರದಿ ಬಿಟ್ಟು ಮುಂಚೆಯೇ ಬಂದ ಒಂಟಿ ಬಡಿತ. ಆರೋಗ್ಯವಂತ ಮಕ್ಕಳ ಹೋಲ್ಟರಿನಲ್ಲೂ ಕಾಣುತ್ತವೆ. ಎಕೋ ಚೆನ್ನಾಗಿದ್ದು, ಮಗು ಆಡಿಕೊಂಡಿದ್ದು, ಒಂದರ ಹಿಂದೆ ಒಂದು ಸಾಲುಗಟ್ಟಿ ಬರದಿದ್ದರೆ ಅವನ್ನು ಹಾಗೇ ಬಿಡುವುದೇ ಸರಿ. ಎಕ್ಟೋಪಿಕ್ ಅಡಗಿಸಿದರೆ ಜೀವ ಉಳಿಯುತ್ತದೆ ಅಂತ ಒಂದು ಕಾಲದಲ್ಲಿ ವೈದ್ಯರೂ ನಂಬಿದ್ದರು. ಹಾರ್ಟ್ ಅಟ್ಯಾಕ್ ಆದ ದೊಡ್ಡವರ ಮೇಲೆ ನಡೆದ ಕಾಸ್ಟ್ ಎಂಬ ಅಧ್ಯಯನ 1989ರಲ್ಲಿ ಅದನ್ನು ಬುಡಮೇಲು ಮಾಡಿತು. ಫ್ಲೆಕನೈಡ್, ಎನ್‌ಕನೈಡ್ ಎಂಬ ಔಷಧಿಗಳು ಎಕ್ಟೋಪಿಕ್‌ಗಳನ್ನು ಅಡಗಿಸಿದವು, ಆದರೆ ಅವನ್ನು ತೆಗೆದುಕೊಂಡವರಲ್ಲೇ ಸಾವು ಜಾಸ್ತಿಯಾಯಿತು. ಪ್ರೊಪ್ರನಲಾಲ್ ಆ ಗುಂಪಿನ ಔಷಧಿಯಲ್ಲ, ನಿಜ. ಆದರೂ ಬರೀ ರಿಪೋರ್ಟನ್ನು ಚೆಂದ ಮಾಡಲು ಔಷಧಿ ಕೊಡಬಾರದು ಅಂತ ನಾವೆಲ್ಲ ಕಲಿತದ್ದು ಅಲ್ಲಿಂದ.

ಪ್ರೊಪ್ರನಲಾಲ್‌ಗೆ ತನ್ನದೇ ಅಪಾಯವಿದೆ. ಊಟ ಬಿಟ್ಟ ಮಗುವಿನ ಸಕ್ಕರೆ ಪ್ರಮಾಣವನ್ನು ಅದು ಇಳಿಸಿಬಿಡಬಹುದು. ಹಸಿವಾದಾಗ ಆಗುವ ನಡುಕ, ಎದೆ ಡವಡವ ಕಾಣದಂತೆಯೂ ಮಾಡುತ್ತದೆ. ಉಬ್ಬಸ ಇರುವ ಮಗುವಿಗೆ ಉಸಿರು ಬಿಗಿಯಬಹುದು. ಮುಂದೆಂದಾದರೂ ಬೇಕೇ ಆದರೆ ಊಟದ ಜೊತೆಗೇ ಕೊಡಬೇಕು. ಮಗು ವಾಂತಿ ಮಾಡುತ್ತಾ ಏನೂ ತಿನ್ನದಿದ್ದರೆ ಆ ಡೋಸ್ ಕೊಡುವ ಮೊದಲು ಡಾಕ್ಟರಿಗೆ ಫೋನ್ ಮಾಡಬೇಕು. ತಾವಾಗಿಯೇ ಒಮ್ಮೆಲೇ ನಿಲ್ಲಿಸುವಂತೆಯೂ ಇಲ್ಲ. ಅಮಿಯೊಡರೋನ್ ಇನ್ನೂ ಬಲವಾದದ್ದು. ಥೈರಾಯ್ಡ್, ಲಿವರ್ ಕೆಡಿಸಬಹುದು, ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಬೇಕು. ಅದರ ಜೊತೆ ಅಜಿತ್ರೊಮೈಸಿನ್, ಡಾಂಪೆರಿಡೋನ್‌ನಂಥ ಮಾಮೂಲಿ ಔಷಧಿಗಳೂ ಅಪಾಯದ ಬಡಿತ ತರಬಹುದು. ಇವೆಲ್ಲ ನಿಜವಾದ ಕಾಯಿಲೆಗೆ ಒಳ್ಳೆಯ ಔಷಧಿಗಳು. ಸೇಫ್ಟಿಗೆ ಅಂತ ಕೊಡುವಂಥವಲ್ಲ. ನನ್ನ ಕೈಲಿದ್ದರೆ ನಿಮ್ಮ ಮಗನಿಗೆ ಈಗ ಯಾವ ಮಾತ್ರೆಯೂ ಬೇಡ ಎನ್ನುತ್ತೇನೆ, ಬೆಂಗಳೂರಿನ ಡಾಕ್ಟರು ಹೇಳಿದ ಹಾಗೆಯೇ.

ಪೇಸ್‌ಮೇಕರ್ ಇದ್ದಿದ್ದರೆ ನಿಶ್ಚಿಂತೆ ಅಂತ ನಿಮಗೆ ಅನ್ನಿಸಿರಬಹುದು. ಅದು ನಿಧಾನವಾದ ಹೃದಯವನ್ನು ಬಡಿಸುತ್ತದೆ, ಓಡುವ ಹೃದಯವನ್ನು ನಿಲ್ಲಿಸುವುದು ಅದರ ಕೆಲಸವಲ್ಲ. ಚಿಕ್ಕ ಮಕ್ಕಳಿಗೆ ಅದನ್ನು ಹೊಟ್ಟೆಯ ಚರ್ಮದ ಕೆಳಗೆ ಕೂರಿಸುತ್ತೇವೆ. ಬ್ಯಾಟರಿ ಮುಗಿದಾಗಲೆಲ್ಲ ಮತ್ತೊಂದು ಆಪರೇಷನ್. ಮಗು ಬೆಳೆದ ಹಾಗೆ ತಂತಿ ಎಳೆದು ಮುರಿಯಬಹುದು, ಸೋಂಕು ತಗಲಬಹುದು. ಬೇಕಾದವರಿಗೆ ಅದು ಜೀವ. ಬೇಡದವರಿಗೆ ಹೊರೆ. ಮುಂದೆ ಕಲೆಯ ಸುತ್ತ ಸುತ್ತುವ ಬಡಿತ ಬಂದರೆ ಅದಕ್ಕೆ ಬೇರೆ ದಾರಿಗಳಿವೆ. ತೊಡೆಸಂದಿಯ ರಕ್ತನಾಳದಿಂದ ತಂತಿ ಕಳಿಸಿ ಆ ಜಾಗವನ್ನಷ್ಟೇ ಸುಡುವ ಅಬ್ಲೇಷನ್ ಇದೆ. ತೀರಾ ಅಪಾಯ ಇರುವವರಿಗೆ ಒಳಗಿಂದಲೇ ಶಾಕ್ ಕೊಡುವ ಐಸಿಡಿ ಇದೆ. ಐಸಿಡಿ ಒಮ್ಮೊಮ್ಮೆ ಬೇಡದಾಗಲೂ ಶಾಕ್ ಕೊಟ್ಟು ಮಕ್ಕಳನ್ನು ನಡುಗಿಸುತ್ತದೆ, ಹಾಗಾಗಿ ಅದನ್ನು ತುಂಬಾ ಯೋಚಿಸಿಯೇ ಹಾಕುವುದು.

ಯಾವಾಗ ತಡಮಾಡಬಾರದು ಅಂತಲೂ ಹೇಳಬೇಕು. ಆಡುವಾಗ, ಓಡುವಾಗ ಪ್ರಜ್ಞೆ ತಪ್ಪಿ ಬಿದ್ದರೆ, ಒಂದೇ ಸಲವಾದರೂ, ಎದ್ದು ಆಡಲು ಹೋದರೂ ಅದೇ ದಿನ ತೋರಿಸಿ. ಸುಮ್ಮನೆ ಕೂತಿದ್ದಾಗ ಬಡಿತ ಸ್ವಿಚ್ ಹಾಕಿದಂತೆ ಶುರುವಾಗಿ ಎಣಿಸಲಾಗದಷ್ಟು ಓಡಿದರೆ, ಮುಖ ಬಿಳಚಿ ಬೆವೆತರೆ ಹತ್ತಿರದ ಆಸ್ಪತ್ರೆಗೆ ಹೋಗಿ, ಇಲ್ಲವೇ 108ಕ್ಕೆ ಫೋನ್ ಮಾಡಿ. ಈ ವಯಸ್ಸಿನವರು ಎದೆ ಹೊಡ್ಕೊಳ್ತಿದೆ ಅನ್ನುವ ಬದಲು ಹೊಟ್ಟೆನೋವು ಅಂತಲೂ ಅನ್ನುತ್ತಾರೆ. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಡುವ ಮೊದಲು ಒಂದು ಪೂರ್ತಿ ಇಸಿಜಿ ತೆಗೆಯಲು ಕೇಳಿ. ಬಡಿತ ಓಡುತ್ತಿದ್ದಾಗಲೇ ತೆಗೆದ ಆ ಒಂದು ಕಾಗದ ನಮಗೆ ಹತ್ತು ಹೋಲ್ಟರ್‌ಗಿಂತ ಜಾಸ್ತಿ ಹೇಳುತ್ತದೆ. ಮಗು ತೀರಾ ಸುಸ್ತಾಗಿದ್ದರೆ ಮಾತ್ರ ಯಾವುದಕ್ಕೂ ಕಾಯಬಾರದು. ಕಣ್ಣುಗುಡ್ಡೆ ಒತ್ತಿದರೆ ಬಡಿತ ಇಳಿಯುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಕಣ್ಣಿಗೆ ಪೆಟ್ಟಾಗುತ್ತದೆ. ಹೊಳೆಮತ್ತಿ ತೊಗಟೆಯ ಕಷಾಯವನ್ನೂ ಈ ಮಗುವಿಗೆ ಕೊಡಬೇಡಿ. ಇಂಥ ಮಕ್ಕಳಲ್ಲಿ ಅದು ಕೆಲಸ ಮಾಡುತ್ತದೆ ಎನ್ನಲು ಆಧಾರವಿಲ್ಲ.

ನೆಗಡಿ, ಭೇದಿ ಬಂದಾಗಲೂ ಸ್ವಲ್ಪ ಗಮನವಿರಲಿ. ಅಂಗಡಿಯಲ್ಲಿ ಕೇಳಿ ನೆಗಡಿ ಸಿರಪ್ ತರಬೇಡಿ, ಅದರಲ್ಲಿರುವ ಫಿನೈಲ್‌ಎಫ್ರಿನ್ ಹೃದಯವನ್ನು ಕೆರಳಿಸಬಹುದು. ವಾಂತಿ-ಭೇದಿಯಾದರೆ ಬೇಗ ಓಆರ್‌ಎಸ್ ಶುರುಮಾಡಿ, ಪೊಟ್ಯಾಸಿಯಂ ಇಳಿದರೆ ಬಡಿತ ಕೆಡುತ್ತದೆ.

ಶಾಲೆಗೆ ಜೂನ್‌ನಲ್ಲೇ ಸೇರಿಸಿ. ಕೊನೆಯ ಎಕೋ ಚೆನ್ನಾಗಿದ್ದರೆ ಅವನು ಓಡಲಿ, ಆಡಲಿ. ಸುಸ್ತಾದಾಗ ತಾನೇ ಕೂರುತ್ತಾನೆ, ಕೂತಾಗ ಯಾರೂ ಬಲವಂತ ಮಾಡದಿದ್ದರೆ ಸಾಕು. ಟೀಚರಿಗೆ ಒಂದು ಹಾಳೆ ಬರೆದುಕೊಡಿ: ಆಪರೇಷನ್ ಆಗಿದೆ, ಆಟಕ್ಕೆ ಅಡ್ಡಿಯಿಲ್ಲ, ಪ್ರಜ್ಞೆ ತಪ್ಪಿದರೆ ಈ ನಂಬರಿಗೆ ಮತ್ತು 108ಕ್ಕೆ ಫೋನ್ ಮಾಡಿ. ಅಂಗನವಾಡಿಗೂ ಸರ್ಕಾರಿ ಶಾಲೆಗೂ ಆರ್‌ಬಿಎಸ್‌ಕೆ ಎಂಬ ಮಕ್ಕಳ ಆರೋಗ್ಯದ ಸರ್ಕಾರಿ ಕಾರ್ಯಕ್ರಮದ ಡಾಕ್ಟರುಗಳ ತಂಡ ತಪಾಸಣೆಗೆ ಬರುತ್ತದೆ. ಆಪರೇಷನ್ ಆಗಿರುವುದನ್ನು ಅವರಿಗೂ ಹೇಳಿ.

ಮುಂದಿನ ಸಲ ಬೆಂಗಳೂರಿಗೆ ಹೋದಾಗ ಮೂರು ವಿಷಯ ಕೇಳಿ. ಪಲ್ಮನರಿ ವಾಲ್ವು ಎಷ್ಟು ಸೋರುತ್ತಿದೆ? ಬಲಗೋಣೆ ಹೋದ ವರ್ಷಕ್ಕಿಂತ ಹಿಗ್ಗಿದೆಯಾ? ಕ್ಯೂಆರ್‌ಎಸ್ ಅಗಲ ಎಷ್ಟು? ಉತ್ತರಗಳನ್ನು ತಾರೀಖು ಹಾಕಿ ಫೈಲಿನ ಮೊದಲ ಪುಟದಲ್ಲಿ ಬರೆಸಿಕೊಳ್ಳಿ. ಡಿಸ್ಚಾರ್ಜ್ ಸಮ್ಮರಿ ಮತ್ತು ಈಗಿನ ಇಸಿಜಿಯ ಫೋಟೋ ತೆಗೆದು ನಿಮ್ಮ ಫೋನಿನಲ್ಲೂ ಅವರಪ್ಪನ ಫೋನಿನಲ್ಲೂ ಇಟ್ಟುಕೊಳ್ಳಿ. ಇಸಿಜಿ ಕಾಗದದ ಮೇಲಿನ ಅಚ್ಚು ಕೆಲವೇ ವರ್ಷದಲ್ಲಿ ಅಳಿಸಿಹೋಗುತ್ತದೆ.